ಮರಳಲ್ಲಿ ಬೆಂದ ಕೇಕು

ಪಾತ್ರೆ ಕೊಟ್ಟಾಗ ಅದರೊಳಗೆ ಮರಳಿತ್ತು ಎಂದು ಚಿಕ್ಕಮ್ಮ ಹೇಳುತ್ತಾಳೆ. ಬರೀ ಪಾತ್ರೆ ಕೊಟ್ಟೆ, ತೊಳೆದು ಒರೆಸಿ ಕೊಟ್ಟೆ ಎಂದು ಪಾಟಿ ಹೇಳುತ್ತಾಳೆ. ಆ ಪಾತ್ರೆಯನ್ನು ಪಾಟಿಯ ಮನೆಯಿಂದ ಚಿಕ್ಕಮ್ಮನ ಮನೆಗೆ ಎತ್ತಿಕೊಂಡು ಬಂದವನು ನಾನು. ನನ್ನನ್ನು ಕೇಳಿದರೆ ಇತ್ಯರ್ಥವಾಗಬೇಕು. ಆದರೆ ಚಿಕ್ಕಮ್ಮನ ಎದುರು ಕೂತಾಗ ಪಾತ್ರೆ ಭಾರವಾಗಿತ್ತು ಎಂದು ನನ್ನ ತೋಳು ಹೇಳುತ್ತದೆ, ಪಾಟಿಯ ಎದುರು ಕೂತಾಗ ಹಗುರವಾಗಿತ್ತು ಎನ್ನುತ್ತದೆ. ತೋಳೂ ಮುಲಾಜಿಗೆ ಬೀಳುತ್ತದೆ. ನಾನು ಕಂಡದ್ದು ಯಾವುದು, ಕೇಳಿ ಕೇಳಿ ಕಂಡಂತಾದದ್ದು ಯಾವುದು ಎಂದು ಗೊತ್ತಿರುವ ಕಡೆ ಹೇಳುತ್ತೇನೆ. ಉಳಿದ ಕಡೆ ಗೊತ್ತಿಲ್ಲ ಎನ್ನುವುದಷ್ಟೇ ಸಾಧ್ಯ.

ಚಿಕ್ಕಮ್ಮ ನಮ್ಮಮ್ಮನ ತಂಗಿ. ಬಂಗಾರಪೇಟೆಯ ಹತ್ತಿರದ ನಮ್ಮ ಹಳ್ಳಿಯಿಂದ ಚಾಂಪಿಯನ್ ರೀಫ್ಸ್‌ನ ಲೈನು ಮನೆಗೆ ಸೊಸೆಯಾಗಿ ಹೋದವಳು. ಚಿನ್ನದ ಗಣಿ ನಡೆಯುತ್ತಿದ್ದಾಗ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಮನೆಗಳು ಅವು. ಒಬ್ಬರ ಮನೆಯ ಗೋಡೆಯೇ ಇನ್ನೊಬ್ಬರ ಮನೆಯ ಗೋಡೆ. ಆ ಕಡೆ ಕೆಮ್ಮಿದರೆ ಈ ಕಡೆ ನೀರು ಬೇಕಾ ಎಂದು ಕೇಳಬಹುದು. ಗಣಿ ಮುಚ್ಚಿದ ಮೇಲೂ ಜನ ಅಲ್ಲೇ ಉಳಿದರು. ಚಿಕ್ಕಪ್ಪ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಯಾವುದೋ ಗೇಟು ಕಾದು ವಾಪಸು ಬರುತ್ತಾನೆ. ಗೋಡೆಯ ಆಚೆ ಪಾಟಿ. ತಮಿಳಿನಲ್ಲಿ ಪಾಟಿ ಎಂದರೆ ಅಜ್ಜಿ. ಯಾರ ಅಜ್ಜಿಯೂ ಅಲ್ಲದ ಆಕೆ ಇಡೀ ಲೈನಿಗೆ ಪಾಟಿ. ಚರ್ಚಿಗೆ ಹೋಗುವವಳು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಒಂದು ಕಂದು ನಾಯಿ ಇತ್ತು. ಅದನ್ನು ಪೈಯ್ಯ ಎಂದು ಕರೆಯುತ್ತಿದ್ದಳು. ಹುಡುಗ ಎಂದರ್ಥ. ತಟ್ಟೆ ಹಾಕಿಕೊಂಡು ಕೂತರೆ ಮೊದಲ ತುತ್ತು ಕೆಳಗೆ ಹೋಗುತ್ತಿತ್ತು.

ಹಿಂದೆ ಡಿಸೆಂಬರ್ ಬಂತೆಂದರೆ ಲೈನಿನವರೆಲ್ಲ ಮನೆಯಲ್ಲೇ ಕೇಕಿನ ಹಿಟ್ಟು ಕಲಸಿ, ತಗಡಿನ ಡಬ್ಬಗಳಿಗೆ ತುಂಬಿ, ತಲೆಯ ಮೇಲೆ ಹೊತ್ತು ಬೇಕರಿಗೆ ಒಯ್ಯುತ್ತಿದ್ದರಂತೆ. ಬೇಕರಿಯವನು ತನ್ನ ಸೌದೆ ಒಲೆಯಲ್ಲಿ ಬೇಯಿಸಿ ಕೊಡುತ್ತಿದ್ದ. ಆ ಒಲೆ ಬಿದ್ದುಹೋಯಿತು. ಆಮೇಲೆ ಪಾಟಿಯ ಪಾತ್ರೆಯೇ ಲೈನಿನ ಒಲೆಯಾಯಿತು. ಬಿರಿಯಾನಿ ಮಾಡುವಂಥ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ. ತಳದಲ್ಲಿ ಅಂಗೈ ದಪ್ಪಕ್ಕೆ ಮರಳು. ಮರಳು ಕಾದ ಮೇಲೆ ಅದರ ಮೇಲೊಂದು ಕಬ್ಬಿಣದ ಬಳೆ, ಬಳೆಯ ಮೇಲೆ ಕೇಕಿನ ಡಬ್ಬ, ಪಾತ್ರೆಯ ಮುಚ್ಚಳದ ಮೇಲೆ ಕೆಂಡ. ಕೆಳಗಿನಿಂದ ಮರಳು ಕಾಯಿಸುತ್ತದೆ, ಮೇಲಿನಿಂದ ಕೆಂಡ. ಬೆಂದಿತೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವಂತಿಲ್ಲ. ವಾಸನೆಯ ಮೇಲೆ ಹೇಳಬೇಕು. ಪಾಟಿಯ ಕಣ್ಣು ಮಂಜಾದ ಮೇಲೆ, ಕೆಂಡ ಎತ್ತುವ ಕೈ ನಡುಗತೊಡಗಿದ ಮೇಲೆ, ಪಾತ್ರೆ ಚಿಕ್ಕಮ್ಮನ ಮನೆಗೆ ಬಂತು. ನಾನು ಎತ್ತಿಕೊಂಡು ಬಂದದ್ದು ಆಗಲೇ.

ಚಿಕ್ಕಮ್ಮ ಬಹಳ ಬೇಗ ಕಲಿತಳು. ರಾಗಿ ಹಿಟ್ಟಿಗೆ ಎಷ್ಟು ನೀರು ಎಂದು ಕಣ್ಣಲ್ಲೇ ಅಳೆಯುವ ಕೈ ಅದು, ಮೈದಾ ಹಿಟ್ಟೂ ಅದೇ ಕೈಗೆ ಬಗ್ಗಿತು. ಬೊಟ್ಟು ಇಟ್ಟುಕೊಂಡು, ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚುವ ಹೆಂಗಸು ಕ್ರಿಸ್‌ಮಸ್ ಹತ್ತಿರ ಬಂದಾಗ ಹತ್ತಾರು ಮನೆಯ ಕೇಕು ಬೇಯಿಸುತ್ತಾ ಕೂರುತ್ತಿದ್ದಳು. ಡಬ್ಬಗಳು ಒಂದರ ಹಿಂದೊಂದು ಬರುತ್ತಿದ್ದವು. ಅದಲುಬದಲಾಗದಿರಲಿ ಎಂದು ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಟ್ಟೆಯ ಚೂರು. ಬೇಯಿಸಿದ್ದಕ್ಕೆ ಪ್ರತಿ ಕೇಕಿನಲ್ಲೂ ಒಂದು ಚೂರು ಅವಳದು. ನಮ್ಮ ಮನೆಯಿಂದ ಬೆಣ್ಣೆ ಹೋಗುತ್ತಿತ್ತು. ಹಾಲನ್ನು ಡೇರಿಗೆ ಹಾಕದೆ ಅಮ್ಮ ಕೆಲವು ದಿನ ಕೆನೆ ಉಳಿಸಿ ಕಡೆದ ಬೆಣ್ಣೆ, ಅದರ ಜೊತೆ ನಾಟಿ ಕೋಳಿಯ ಮೊಟ್ಟೆ. ಬಂಗಾರಪೇಟೆಯಲ್ಲಿ ರೈಲು ಹತ್ತಿ, ಕೋರಮಂಡಲ್, ಊರಿಗಾಂ ದಾಟಿ, ಚಾಂಪಿಯನ್‌ನಲ್ಲಿ ಇಳಿದು ಒಪ್ಪಿಸಿ ಬರುವುದು ನನ್ನ ಕೆಲಸ.

ಕೊನೆಯ ಕೇಕು ತೆಗೆದ ಮೇಲೂ ಮರಳು ಬಹಳ ಹೊತ್ತು ಬಿಸಿಯಾಗಿರುತ್ತದೆ. ಆ ಉಳಿದ ಕಾವು ನಾಯಿಗಳದು. ರಾಗಿ ಹಿಟ್ಟು, ಒಂದು ಮೊಟ್ಟೆ, ತುಪ್ಪ ಕಾಯಿಸಿದಾಗ ತಳದಲ್ಲಿ ಉಳಿಯುವ ಗಸಿ, ಇಷ್ಟನ್ನು ಕಲಸಿ ಹೆಬ್ಬೆರಳಿನಷ್ಟು ಉದ್ದಕ್ಕೆ ಹೊಸೆದು ಪಾತ್ರೆಯೊಳಗಿಟ್ಟರೆ ಕಲ್ಲಿನಂಥ ಬಿಸ್ಕತ್ತು ಆಗುತ್ತಿತ್ತು. ಲೈನಿನ ನಾಯಿಗಳಿಗೆಲ್ಲ ಅದು ಗೊತ್ತಿತ್ತು. ಅವು ಬಾಗಿಲಲ್ಲಿ ಕಾದು ಕೂತಿರುತ್ತಿದ್ದವು, ಪೈಯ್ಯ ಮಾತ್ರ ಒಳಗೆ.

ಮರಳಿನ ವಿಷಯ ಹೇಳಬೇಕು. ಕಲ್ಲು ಅರೆದು ಸೈನೈಡ್ ಹಾಕಿ ಚಿನ್ನ ತೆಗೆದಾದ ಮೇಲೆ ಉಳಿದ ಪುಡಿಯನ್ನು ರಾಶಿ ಹಾಕಿ ಹಾಕಿ ಅಲ್ಲಿ ಗುಡ್ಡಗಳಾಗಿವೆ. ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ. ಹೆಸರು ಕೇಳಿದರೆ ಹೊರಗಿನವರು ಹಿಂದಕ್ಕೆ ಸರಿಯುತ್ತಾರೆ, ಚಿಕ್ಕಮ್ಮನ ಮನೆಗೆ ಹೋದಾಗಲೆಲ್ಲ ನಾವು ಅದರ ಮೇಲೆ ಜಾರಿ ಆಡಿದವರು. ಗಾಳಿ ಬೀಸಿದ ದಿನ ಅದು ಮನೆಯೊಳಗೆ ಬರುತ್ತದೆ, ಒಗೆದ ಬಟ್ಟೆಯ ಮೇಲೆ ಕೂರುತ್ತದೆ, ಅನ್ನದಲ್ಲಿ ಕರಕರ ಎನ್ನುತ್ತದೆ. ಬೂದಿ ಬಣ್ಣ, ಹಿಟ್ಟಿನಷ್ಟು ನುಣುಪು. ಹೊಳೆಯೇ ಇಲ್ಲದ ಸೀಮೆಯಲ್ಲಿ ಹೊಳೆಯ ಮರಳು ತರುವುದು ಎಲ್ಲಿಂದ? ಗುಡ್ಡದ ಮರಳು ಕೈಗೆ ಸಿಕ್ಕುತ್ತಿತ್ತು, ಸಮನಾಗಿ ಕಾಯುತ್ತಿತ್ತು. ಪಾತ್ರೆಯಲ್ಲಿದ್ದದ್ದು ಅದೇ. ಅದರಲ್ಲಿ ಯಾರಿಗೂ ಸಂಶಯವಿಲ್ಲ. ಅದನ್ನು ತುಂಬಿದವರು ಯಾರು ಎಂಬುದು ಮಾತ್ರ ಜಗಳ.

ಆ ವರ್ಷ ಕ್ರಿಸ್‌ಮಸ್ ಹಿಂದಿನ ದಿನ ಬೆಣ್ಣೆ ಕೊಟ್ಟು ನಾನು ಅಲ್ಲೇ ಉಳಿದಿದ್ದೆ. ಚಿಕ್ಕಮ್ಮ ಪಾಟಿಗೆಂದು ತನ್ನ ಕೈಯಾರೆ ಕಲಸಿದ ಕೇಕು, ಕಲ್‌ಕಲ್, ಅಚ್ಚು ಮುರುಕು, ಹೀಗೆ ಹಬ್ಬದ ಕರಿದ ತಿಂಡಿ ಎಲ್ಲವನ್ನೂ ತಟ್ಟೆ ತುಂಬಿ ಕೊಟ್ಟಳು. ಜೊತೆಗೆ ಒಂದು ಲೋಟ. ಮನೆಯಲ್ಲೇ ಮಾಡಿದ ದ್ರಾಕ್ಷಿ ರಸದಲ್ಲಿ ತಿಂಗಳಿಂದ ನೆನೆಹಾಕಿದ್ದ ಒಣದ್ರಾಕ್ಷಿ ಮಿಕ್ಕಿತ್ತು, ಪಾಯಸಕ್ಕಾಗುತ್ತದೆ ಎಂದು ಕೊಟ್ಟಳು. ಲೋಟ ಕೊಟ್ಟದ್ದನ್ನು ನಾನು ಕಂಡೆನೋ ಆಮೇಲೆ ಪಾಟಿ ಹೇಳಿದ ಮೇಲೆ ಕಂಡಂತಾಯಿತೋ, ಗೊತ್ತಿಲ್ಲ. ಪೈಯ್ಯನಿಗೆ ಬಿಸ್ಕತ್ತು ಕೊಟ್ಟದ್ದು ಮಾತ್ರ ಕಂಡಿದ್ದೇನೆ. ಕಡಿಯುವ ಸದ್ದು ಗೋಡೆಯ ಆಚೆಯಿಂದ ಕೇಳುತ್ತಿತ್ತು.

ಹಬ್ಬದ ಮಾರನೆಯ ದಿನ ಪೈಯ್ಯ ವಾಂತಿ ಮಾಡಿತು. ತಿಂದದ್ದು ಜಾಸ್ತಿಯಾಗಿದೆ ಎಂದುಕೊಂಡರು. ಆಮೇಲೆ ತಿನ್ನುವುದು ಬಿಟ್ಟಿತು, ನೀರು ಮಾತ್ರ ಕುಡಿಯಿತು, ಕೊನೆಗೆ ಮೋರಿಯ ತಂಪಿನಲ್ಲಿ ಮಲಗಿ ಏಳಲಿಲ್ಲ. ಎದುರು ಸಾಲಿನ ಹೆಂಗಸೊಬ್ಬಳು ಆಟೋ ತರಿಸಿದಳು. ಅವಳು, ಪಾಟಿ, ಪಾಟಿಯ ಮಡಿಲಲ್ಲಿ ನಾಯಿ, ದನದ ಆಸ್ಪತ್ರೆಗೆ ಹೋದರು. ಡಾಕ್ಟರು ಗ್ಲೂಕೋಸ್ ಹಾಕಿ, ಕಿಡ್ನಿ ನಿಂತಿದೆ, ಏನೋ ವಿಷದಂಥದ್ದು ಹೊಟ್ಟೆಗೆ ಹೋಗಿದೆ ಎಂದರಂತೆ. ಏನು ತಿಂದಿತ್ತು ಎಂದು ಕೇಳಿದರಂತೆ. ಪಕ್ಕದ ಮನೆಯ ಬಿಸ್ಕತ್ತು, ಕೇಕು ಎಂದಳಂತೆ ಪಾಟಿ. ಅದು ನಿಜವೇ. ಹೊಸ ವರ್ಷಕ್ಕೆ ಮೊದಲೇ ನಾಯಿ ಸತ್ತಿತು.

ಹೂಳಲು ಗುಡ್ಡದ ಬುಡಕ್ಕೆ ಒಯ್ದರು. ಬೇರೆ ಎಲ್ಲಿಯಾದರೂ ಎಂದು ಬರೆಯಲು ನನಗೂ ಇಷ್ಟ. ಆದರೆ ಚಾಂಪಿಯನ್‌ನಲ್ಲಿ ಗುಡ್ಡ ಬಿಟ್ಟರೆ ಉಳಿದದ್ದು ಬಂಡೆ, ಗುದ್ದಲಿ ಇಳಿಯುವುದು ಅಲ್ಲಿ ಮಾತ್ರ. ಸುದ್ದಿ ಕೇಳಿ ಬಂದಿದ್ದ ನಾನು ಗುಂಡಿ ತೋಡಿದೆ. ಎದುರು ಸಾಲಿನ ಹೆಂಗಸು ಒಂದು ಹಿಡಿ ಮರಳು ಎತ್ತಿ ಗುಂಡಿಗೆ ಹಾಕಹೋದವಳು ಕೈಯನ್ನು ಹಾಗೇ ಹಿಡಿದು ಚಿಕ್ಕಮ್ಮನ ಕಡೆ ತಿರುಗಿದಳು.

"ಅಕ್ಕ, ನಿಮ್ ಕೇಕ್ ಪಾತ್ರೆಗಿರೋದೂ ಇದೇ ಅಲ್ವಾ?"

"ಪಾಟಿ ಪಾತ್ರೆ ಕೊಟ್ಟಾಗ ಅದ್ರಾಗೇ ಇತ್ತು," ಎಂದಳು ಚಿಕ್ಕಮ್ಮ.

ಪಾಟಿ ಗುಂಡಿಯನ್ನೇ ನೋಡುತ್ತಿದ್ದಳು. ಅವಳ ಕನ್ನಡದೊಳಗೆ ತಮಿಳು ಸೇರಿಕೊಂಡಿರುತ್ತದೆ. "ನಾನ್ ಕೊಟ್ಟಿದ್ದು ಪಾತ್ರೆ ತಾನ್‌ಮ್ಮಾ. ಮಣ್ಣು ನಾನ್ ಕೊಡಲಿಲ್ಲ," ಎಂದಳು. ದನಿ ಏರಿಸಲಿಲ್ಲ. ದೂರುವ ಹಾಗೂ ಇರಲಿಲ್ಲ.

ಅಷ್ಟೇ. ಅಲ್ಲಿದ್ದವರು ಮನೆಗೆ ಹೋಗಿ ಹಳೆಯ ಹೊಟ್ಟೆನೋವುಗಳನ್ನೆಲ್ಲ ನೆನಪು ಮಾಡಿಕೊಂಡರು. ಒಬ್ಬರ ಮಗುವಿಗೆ ಎರಡು ವರ್ಷದ ಹಿಂದೆ ಆದ ಭೇದಿಗೆ ಈಗ ಕಾರಣ ಸಿಕ್ಕಿತು. ಇನ್ನೊಬ್ಬರ ಮಾವನ ಸಾವೂ ಸ್ವಲ್ಪ ದಿನ ಆ ಪಾತ್ರೆಯ ಸುತ್ತ ಓಡಾಡಿತು. ಆತ ಸಕ್ಕರೆ ಕಾಯಿಲೆಯವನಾಗಿದ್ದು ಕೇಕು ಮುಟ್ಟುತ್ತಿರಲಿಲ್ಲ ಎಂದು ಯಾರೋ ನೆನಪಿಸಿದ ಮೇಲೆ ಬಿಟ್ಟರು. ಅದೇ ಪಾತ್ರೆ ಪಾಟಿಯ ಮನೆಯಲ್ಲಿದ್ದಾಗ ಅದರಲ್ಲಿ ಯಾವ ಮರಳಿತ್ತು ಎಂದು ಒಬ್ಬರೂ ಕೇಳಲಿಲ್ಲ. ಹೊಸ ವರ್ಷಕ್ಕೆ ಒಂದೂ ಡಬ್ಬ ಬರಲಿಲ್ಲ. ಹಬ್ಬದಲ್ಲಿ ಚಿಕ್ಕಮ್ಮ ಹಂಚಿದ್ದ ಕೇಕು ಕೆಲವು ಮನೆಗಳಿಂದ ಹಾಗೇ ವಾಪಸು ಬಂತು, ಮನೆಯಲ್ಲಿ ಯಾರೂ ಸಿಹಿ ತಿನ್ನುವುದಿಲ್ಲ ಎಂಬ ಮಾತಿನ ಜೊತೆ. ಕೆಲವು ಮನೆಗಳದು ಕಸದ ರಾಶಿಯ ಮೇಲೆ ಕಂಡಿತು. ಒಂದು ಆಡು ಅದನ್ನು ಮೇಯುತ್ತಿತ್ತು. ಆಡಿಗೆ ಏನೂ ಆಗಲಿಲ್ಲ. ಆಡಿನ ಸಾಕ್ಷಿಯನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಚಿಕ್ಕಮ್ಮ ಏನು ಮಾಡಿದಳೆಂದರೆ, ವಾಪಸು ಬಂದ ಕೇಕನ್ನೆಲ್ಲ ಮೊರಕ್ಕೆ ಹಾಕಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂತು ತಿಂದಳು. ನೀರಿಗೆ ಹೋಗುವವರು, ರೈಲಿಗೆ ಹೋಗುವವರು ಎಲ್ಲರೂ ನೋಡಲಿ ಎಂದು. ಬೆಳಿಗ್ಗೆ ತಿಂದಳು, ಸಂಜೆ ತಿಂದಳು. ಒಣಗಿ ಇಟ್ಟಿಗೆಯಾದದ್ದನ್ನು ಟೀಯಲ್ಲಿ ಅದ್ದಿ ತಿಂದಳು. ಯಾರಿಗೆ ತೋರಿಸೋಕೆ ಇದೆಲ್ಲ ಎಂದು ಚಿಕ್ಕಪ್ಪ ಕೇಳಿದರೆ "ನೋಡ್ಲಿ" ಎಂದಳಂತೆ. ಅಷ್ಟು ಬೆಣ್ಣೆ, ಅಷ್ಟು ಸಕ್ಕರೆ ಯಾರ ಹೊಟ್ಟೆಯೂ ತಾಳುವುದಿಲ್ಲ. ವಾಂತಿಯಾಯಿತು, ಎರಡು ದಿನ ಮಲಗಿದಳು. ಲೈನಿನವರು ನೋಡಿದರು. ನೋಡಿದೆವಲ್ಲ ಎಂದರು.

ಸಂಕ್ರಾಂತಿಗೆ ಊರಿಗೆ ಬಂದಳು. ಉಳಿದ ಒಂದು ಕೇಕನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಮ್ಮಲ್ಲಿ ಅವತ್ತು ದನಗಳ ಹಬ್ಬ. ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಪೊಂಗಲು ಮಾಡಿ ಮೊದಲು ಅವುಗಳ ಬಾಯಿಗೆ ಇಟ್ಟು ಆಮೇಲೆ ನಾವು ತಿನ್ನುವುದು. ಅಮ್ಮ ಪೊಂಗಲು ಇಡುತ್ತಿದ್ದಳು. ಚಿಕ್ಕಮ್ಮ ಕೇಕಿನ ಒಂದು ಚೂರು ಮುರಿದು ಹಸುವಿನ ಮೂತಿಯ ಹತ್ತಿರ ಒಯ್ದಳು. ಹಸು ನಾಲಿಗೆ ಚಾಚಿತು. ಅಮ್ಮ ಅಡ್ಡ ಬಂದಳು.

"ಅಸುಗೆ ಬ್ಯಾಡ ಕಣೇ. ಗಬ್ಬ ಐತೆ."

ಚಿಕ್ಕಮ್ಮ ಹಸುವನ್ನು ನೋಡಿದಳು, ಗೂಟದ ಹತ್ತಿರ ಕಟ್ಟಿದ್ದ ಎಳೆ ಕರುವನ್ನು ನೋಡಿದಳು. "ಕರು ಆಕಿ ತಿಂಗ್ಳು ಆಗಿಲ್ಲ. ಗಬ್ಬ ಎಂಗಾತೈತೆ ಅಕ್ಕಾ?"

ದನದ ಜೊತೆ ಬೆಳೆದವಳಿಗೆ ಹೇಳಬಾರದ ಸುಳ್ಳು. ಅಮ್ಮ ನಂಗೆ ಕೊಡು ನಾನ್ ತಿಂತೀನಿ ಎಂದು ಕೈ ಚಾಚಿದಳು, ಚಿಕ್ಕಮ್ಮ ಕೊಟ್ಟಳು. ಅಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡದ್ದು ನಿಜ. ಅದು ತಿಪ್ಪೆಗೆ ಹೋದದ್ದೂ ನಿಜ, ಸಂಜೆ ಕೋಳಿಗಳು ಕೆದಕಿ ಹೊರಗೆ ತೆಗೆದಿದ್ದವು. ಅಲ್ಲೇ ನಿಂತು ನಾನು ಒಂದು ದೊಡ್ಡ ಚೂರು ತೆಗೆದುಕೊಂಡು ಚಿಕ್ಕಮ್ಮನ ಎದುರಿಗೆ ತಿಂದೆ, ಅವಳು ನನ್ನನ್ನೇ ನೋಡುತ್ತಿದ್ದಳು ಎಂಬ ಚಿತ್ರ ನನ್ನಲ್ಲಿ ಬಹಳ ಸ್ಪಷ್ಟವಾಗಿದೆ. ಅಮ್ಮ ಅದನ್ನು ಒಪ್ಪುವುದಿಲ್ಲ. ಆ ಹೊತ್ತಿನಲ್ಲಿ ನೀನು ಡೇರಿಗೆ ಹೋಗಿದ್ದೆ, ಹಬ್ಬವಾದರೂ ಹಾಲು ನಿಲ್ಲುತ್ತದಾ ಎನ್ನುತ್ತಾಳೆ. ಚಿಕ್ಕಮ್ಮನನ್ನು ಕೇಳಿಲ್ಲ. ಕೇಳುವ ಧೈರ್ಯ ಬಂದಿಲ್ಲ.

ಮಳೆಗಾಲದಲ್ಲಿ ಒಂದು ದಿನ ಫೋನಿನಲ್ಲಿ ಏನೋ ನೋಡುತ್ತಿದ್ದೆ. ದನದ ಜ್ವರದ ಬಗ್ಗೆ ಹುಡುಕುತ್ತಿದ್ದೆನೋ ಏನೋ, ನಾಯಿಗಳ ಬಗ್ಗೆ ಬಂತು. ಯಾವುದೋ ಊರಿನ ಪ್ರಾಣಿವೈದ್ಯ ಮಾತಾಡುತ್ತಿದ್ದ. ದ್ರಾಕ್ಷಿ, ಅದರಲ್ಲೂ ಒಣದ್ರಾಕ್ಷಿ ನಾಯಿಗೆ ವಿಷ. ಕೆಲವಕ್ಕೆ ಏನೂ ಆಗುವುದಿಲ್ಲ, ಕೆಲವಕ್ಕೆ ಕಿಡ್ನಿ ನಿಂತುಹೋಗುತ್ತದೆ. ಯಾವ ನಾಯಿಗೆ ಎಷ್ಟು ಸಾಕು ಎಂದು ಹೇಳಲಾಗುವುದಿಲ್ಲ. ಮತ್ತೆ ಮತ್ತೆ ಹಾಕಿ ಕೇಳಿದೆ. ಮಾರನೆಯ ದಿನ ರೈಲು ಹತ್ತಿದೆ.

ಚಿಕ್ಕಮ್ಮ ಆ ಹೊತ್ತಿಗೆ ಮರಳನ್ನು ಮೋರಿಗೆ ಸುರಿದು ಪಾತ್ರೆಯನ್ನು ಮಂಚದ ಕೆಳಗೆ ತಳ್ಳಿಯಾಗಿತ್ತು. ನಾನು ಹೇಳಿದ್ದನ್ನು ಕೇಳಿಸಿಕೊಂಡು, ನನ್ನ ಬಿಸ್ಕತ್ತಿನಲ್ಲಿ ದ್ರಾಕ್ಷಿ ಇರಲಿಲ್ಲವಲ್ಲ ಎಂದಳು. ಇರಲಿಲ್ಲ. ಇದ್ದದ್ದು ಕೇಕಿನಲ್ಲಿ. ನಾಯಿಗೆ ಕೇಕು ಎಷ್ಟು ಹೋಗಿತ್ತು ಎಂಬುದು ಪಾಟಿಗೆ ಮಾತ್ರ ಗೊತ್ತು. ಇಬ್ಬರೂ ಆಚೆ ಮನೆಗೆ ಹೋದೆವು. ಲೈನಿನಲ್ಲಿ ಉಳಿದವರೆಲ್ಲ ದೂರವಾಗಿದ್ದರೂ ಪಾಟಿಯ ಮನೆಗೆ ನೀರು ತಂದು ಹಾಕುವುದನ್ನು ಚಿಕ್ಕಮ್ಮ ಬಿಟ್ಟಿರಲಿಲ್ಲ, ಪಾಟಿಯೂ ಬೇಡ ಎಂದಿರಲಿಲ್ಲ. ಆದರೆ ಚಿಕ್ಕಮ್ಮನ ಮನೆಯ ಅಡುಗೆಯನ್ನು ಅವಳೂ ತಿನ್ನುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದಳು. ಬೇರೆ ಯಾರು ಬಿಟ್ಟರೂ ಸಹಿಸಿಕೊಂಡ ಚಿಕ್ಕಮ್ಮ ಈ ಒಂದನ್ನು ಸಹಿಸಲಾರದೆ ಇದ್ದಳು. ತಾನು ಮಾಡಿ ಕೊಟ್ಟದ್ದನ್ನು ಪಾಟಿ ಮತ್ತೆ ಒಂದು ಸಲ ತಿನ್ನಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಏನೋ ಮಾತಿಗೆ ಎಂಬಂತೆ ಪೈಯ್ಯನಿಗೆ ಏನು ಇಷ್ಟವಿತ್ತು ಎಂದು ಕೇಳಿದೆ. ಪಾಟಿಯ ಮುಖ ಅರಳಿತು. ತನ್ನದು ಕಟ್ಟಿಸಿದ ಹಲ್ಲು, ದ್ರಾಕ್ಷಿಯ ಸಿಪ್ಪೆ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಕೇಕಿನಿಂದ ಅದನ್ನೆಲ್ಲ ಉಗುರಿನಲ್ಲಿ ಬಿಡಿಸಿ ಅವನಿಗೇ ಹಾಕುತ್ತಿದ್ದೆ ಎಂದಳು. ಆ ಸಲ ಇವಳು ಒಂದು ಲೋಟ ತುಂಬ ನೆನೆಸಿದ ದ್ರಾಕ್ಷಿ ಬೇರೆ ಕೊಟ್ಟಿದ್ದಳು, ಪಾಯಸ ಯಾರಿಗೆ ಮಾಡುವುದು, ಅಷ್ಟೂ ಅವನದೇ ಎಂದಳು. "ತಟ್ಟೆ ನೆಕ್ಕಿಬಿಟ್ಟ, ತಂಬಿ. ಕೊನೇ ಹಬ್ಬ ಚೆನ್ನಾಗಿ ತಿಂದು ಹೋದ." ವಾಂತಿಯಲ್ಲಿ ಅವು ಹಾಗೇ ಉಬ್ಬಿಕೊಂಡು ಬಿದ್ದಿದ್ದವಂತೆ, ಬೂದಿ ಹಾಕಿ ಬಳಿದಳಂತೆ.

ನಾನು ಬಾಯಿ ತೆರೆದೆ. ಚಿಕ್ಕಮ್ಮ ಹಿಂದಿನಿಂದ ನನ್ನ ಅಂಗಿ ಹಿಡಿದು ಎಳೆದಳು. ಹೊರಗೆ ಬಂದ ಮೇಲೆ ಮಾತಾಡಿದಳು.

"ಆ ಮಾತು ಎತ್ಬ್ಯಾಡ ಕಣ್ಲಾ."

"ಯಾಕೆ? ಏಳಿದ್ರೆ ನಿನ್ ಮೇಲಿರೋದು ಓಯ್ತದೆ."

"ಓಗಿ ಎಲ್ಲಿ ಕೂತ್ಕೊಂತದೆ? ಆಯಮ್ಮನ ಮೇಲೆ. ಅದೊಂದ್ ನಾಯಿ ಬಿಟ್ರೆ ಏನಿತ್ತು ಆಯಮ್ಮನ್ಗೆ? ನಾನೇ ಸಾಯ್ಸಿದ್ದು ಅಂತಾನೇ ಇರ್ಲಿ ಬಿಡು."

ಇಲ್ಲಿಗೆ ನಿಲ್ಲಿಸಿದರೆ ಚಿಕ್ಕಮ್ಮ ದೊಡ್ಡ ಮನಸ್ಸಿನವಳಾಗಿ ಕಾಣುತ್ತಾಳೆ. ಅವಳು ಅಂಥವಳು ಹೌದೋ ಅಲ್ಲವೋ ಗೊತ್ತಿಲ್ಲ. ಸ್ಟೇಷನ್ನಿನ ತನಕ ಜೊತೆಗೆ ಬಂದಳು, ದಾರಿಯಲ್ಲಿ ಇನ್ನೊಂದನ್ನೂ ಹೇಳಿದಳು: ಏಳಿದ್ರೂ ಯಾರ್ ನಂಬ್ತಾರೆ, ಮುದುಕಿ ಮೇಲೆ ಆಕ್ತಾಳೆ ಅಂತಾರೆ. ಯಾವುದು ಮೊದಲ ಕಾರಣ, ಯಾವುದು ಎರಡನೆಯದು ಎಂದು ನಾನು ವಿಂಗಡಿಸಲಾರೆ. ನನಗೂ ಪೂರ್ತಿ ನಂಬಿಕೆ ಇರಲಿಲ್ಲ. ದ್ರಾಕ್ಷಿಯೇ ಇರಬಹುದು. ಇಲಿ ಪಾಷಾಣ ತಿಂದ ಇಲಿಯನ್ನು ನಾಯಿ ತಿಂದಿರಬಹುದು. ಮರಳೇ ಇರಬಹುದು, ಅದನ್ನು ಯಾರೂ ಪರೀಕ್ಷೆ ಮಾಡಿಸಲಿಲ್ಲ, ಈಗ ಅದು ಮೋರಿಯ ಪಾಲು. ಆ ಮರಳು ಸರಿಯಾದದ್ದು ಎಂದು ನಾನು ಹೇಳುತ್ತಿಲ್ಲ. ಅದರ ಮೇಲೆ ಬೆಂದದ್ದನ್ನು ನಾನು ವರ್ಷಗಟ್ಟಲೆ ತಿಂದಿದ್ದೇನೆ, ಬದುಕಿದ್ದೇನೆ, ಅಷ್ಟೇ ನನ್ನ ಬಳಿ ಇರುವುದು.

ಮುಂದಿನ ಡಿಸೆಂಬರಿಗೆ ಚಿಕ್ಕಮ್ಮ ಏನೂ ಮಾಡಲಿಲ್ಲ. ಬೆಣ್ಣೆ ಬೇಡ ಎಂದು ಹೇಳಿ ಕಳಿಸಿದ್ದಳು, ಅಮ್ಮ ಆದರೂ ಕೊಟ್ಟಳು, ನಾನು ಒಯ್ದೆ. ಹಬ್ಬದ ದಿನ ಪಾಟಿಯ ಮನೆಯಿಂದ ತಟ್ಟೆ ಬಂತು. ಅಂಗಡಿಯ ಕೇಕು, ಪ್ಲಾಸ್ಟಿಕ್ ಸುತ್ತಿದ್ದು. ತಟ್ಟೆಯನ್ನು ಖಾಲಿ ವಾಪಸು ಕೊಡುವ ಪದ್ಧತಿ ಲೈನಿನಲ್ಲಿಲ್ಲ. ಮನೆಯಲ್ಲಿ ಮಾಡಿದ್ದನ್ನು ಹಾಕಿದರೆ ಪಾಟಿ ತಿನ್ನುವುದಿಲ್ಲ ಎಂದು ಗೊತ್ತಿತ್ತು. ಚಿಕ್ಕಮ್ಮ ಬಹಳ ಹೊತ್ತು ತಟ್ಟೆ ಹಿಡಿದು ನಿಂತಿದ್ದಳು. ಕೊನೆಗೆ ಬಿಚ್ಚದ ಸಕ್ಕರೆ ಪೊಟ್ಟಣ ಇಟ್ಟಳು. ನಾವಿಬ್ಬರೂ ಅದನ್ನು ತೆಗೆದುಕೊಂಡು ಹೋದೆವು.

ಚರ್ಚಿನ ಯಾರೋ ಪಾಟಿಗೆ ಒಂದು ನಾಯಿಮರಿ ತಂದು ಕೊಟ್ಟಿದ್ದರು. ಕಪ್ಪು ಬಿಳುಪು, ಇನ್ನೂ ನೆಟ್ಟಗೆ ನಡೆಯಲು ಬಾರದು. ಪಾಟಿ ಮಂಚದ ಮೇಲೆ ಕೂತಿದ್ದಳು, ಮಡಿಲಲ್ಲಿ ಕೇಕಿನ ತುಂಡು. ಮಾತಾಡುತ್ತಾ ಮಾತಾಡುತ್ತಾ ಹೆಬ್ಬೆರಳ ಉಗುರಿನಿಂದ ಒಂದೊಂದೇ ದ್ರಾಕ್ಷಿ ಕಿತ್ತು ಅಂಗೈಯಲ್ಲಿ ಸೇರಿಸುತ್ತಿದ್ದಳು. ಮರಿ ಕಾಲ ಬಳಿ ಬಾಲ ಆಡಿಸುತ್ತಿತ್ತು. ಅಂಗೈ ಕೆಳಗೆ ಬಂತು.

ಚಿಕ್ಕಮ್ಮ ಮರಿಯನ್ನು ಕಾಲಿನಿಂದ ತಳ್ಳಿದಳು. ಜೋರಾಗಿಯೇ ತಳ್ಳಿದಳು, ಅದು ಕುಯ್ಯೋ ಎಂದು ಗೋಡೆಗೆ ಹೋಗಿ ಬಿತ್ತು.

"ಪಾಪ ಅದನ್ನ ಯಾಕ್‌ಮ್ಮಾ ಒದೀತೀಯ?"

"ದ್ರಾಕ್ಷಿ ಆಕ್ಬ್ಯಾಡಿ ಪಾಟಿ. ನಾಯಿಗೆ ಆಗಲ್ಲ. ಸಾಯ್ತವೆ."

ಪಾಟಿಯ ಕೈ ಹಾಗೇ ನಿಂತಿತು. ಯಾರು ಹೇಳಿದ್ದು ಎಂದು ಕೇಳಿದಳು. ಚಿಕ್ಕಮ್ಮ ನನ್ನನ್ನು ತೋರಿಸಿದಳು. ಎಲ್ಲಾ ನಾಯಿಗೂ ಹಾಗೇ ಆಗುತ್ತದಾ ಎಂದಳು ಪಾಟಿ. ಕೆಲವಕ್ಕೆ ಆಗುತ್ತದೆ, ಕೆಲವಕ್ಕೆ ಇಲ್ಲ ಎಂದೆ.

"ಅವನಿಗೆ?"

ಗೊತ್ತಿಲ್ಲ ಎಂದೆ. ನಿಜವನ್ನೇ ಹೇಳಿದೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಅಂಗೈಯಲ್ಲಿದ್ದದ್ದನ್ನು ಪಾಟಿ ನೋಡಿದಳು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದಳು. ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ.

"ನಿನಗೆ ಯಾವಾಗಿಂದ ಗೊತ್ತು?"

"ಮಳೆಗಾಲ್ದಾಗೆ..."

"ಮಳೆಗಾಲದಿಂದ. ದಿನಾ ನೀರು ತಂದೆ. ದಿನಾ ನನ್ ಮುಖ ನೋಡಿಕೊಂಡು ಹೋದೆ. ಪಾಪ ಮುದುಕಿ, ಅವಳೇ ಕೊಂದಳು, ಅವಳಿಗೇ ಗೊತ್ತಿಲ್ಲ ಅಂತ. ಹೌದಾಮ್ಮಾ?"

ಹಾಗಲ್ಲ ಪಾಟಿ ಎಂದಳು ಚಿಕ್ಕಮ್ಮ. ಪಾಟಿ ಎದ್ದು, ಗೋಡೆಯ ಮೂಲೆಯಲ್ಲಿ ನಡುಗುತ್ತಿದ್ದ ಮರಿಯನ್ನು ಕುತ್ತಿಗೆಯ ಚರ್ಮ ಹಿಡಿದು ಎತ್ತಿ ಹೊಸ್ತಿಲ ಆಚೆ ಇಟ್ಟಳು. ಎತ್ತಿಕೊಂಡು ಹೋಗು ಎಂದಳು. ಚಿಕ್ಕಮ್ಮ ಬೇಡ ಎಂದಳು. ಪಾಟಿ ಬಾಗಿಲು ಹಾಕಿಕೊಂಡಳು. ತಟ್ಟೆ, ಸಕ್ಕರೆ ಪೊಟ್ಟಣ ನನ್ನ ಕೈಯಲ್ಲೇ ಉಳಿದವು. ಮೆಟ್ಟಿಲ ಮೇಲಿಟ್ಟು ಬಂದೆ.

ಮರಿ ಚಿಕ್ಕಮ್ಮನ ಮನೆ ಸೇರಿತು. ಪಾಟಿ ಲೈನಿನಲ್ಲಿ ಏನು ಹೇಳಿದಳೋ, ಏನೂ ಹೇಳದೆಯೇ ಸುದ್ದಿ ತಾನಾಗಿ ಹುಟ್ಟಿತೋ, ಹೊಸ ವರ್ಷದ ಹೊತ್ತಿಗೆ ಸಾಲಿನಲ್ಲಿ ಹೀಗೆ ಮಾತಿತ್ತು: ಒಂದು ನಾಯಿ ಕೊಂದಳು, ಕೊಂದದ್ದನ್ನು ಮುದುಕಿಯ ತಲೆಗೆ ಕಟ್ಟಿದಳು, ಈಗ ಎರಡನೆಯದನ್ನೂ ಎತ್ತಿಕೊಂಡು ಹೋದಳು. ಪಾಟಿ ಈಗ ಚಿಕ್ಕಮ್ಮನಿಂದ ನೀರನ್ನೂ ತೆಗೆದುಕೊಳ್ಳುವುದಿಲ್ಲ. ಎದುರು ಸಾಲಿನ ಹೆಂಗಸು ತಂದು ಹಾಕುತ್ತಾಳೆ. ಆ ಕಡೆ ಕೆಮ್ಮಿದರೆ ಈ ಕಡೆ ಕೇಳುತ್ತದೆ. ಚಿಕ್ಕಮ್ಮ ಕೆಲಸ ನಿಲ್ಲಿಸಿ ಕಿವಿಗೊಡುತ್ತಾಳೆ, ನೀರು ಬೇಕಾ ಎನ್ನುವುದಿಲ್ಲ. ಮರಿ ಮೊದಲು ದಿನಾ ಹೋಗಿ ಪಾಟಿಯ ಬಾಗಿಲು ಕೆರೆಯುತ್ತಿತ್ತು. ಬಾಗಿಲು ತೆರೆಯಲಿಲ್ಲ. ಈಗ ಹೋಗುವುದಿಲ್ಲ.

ಹೋದ ವಾರ ಹೋಗಿದ್ದೆ. ಮರಿ ದೊಡ್ಡದಾಗಿದೆ. ಚಿಕ್ಕಮ್ಮ ಅದಕ್ಕೆ ಬೆಳಗಿನ ಮುದ್ದೆಯಲ್ಲಿ ಉಳಿದದ್ದನ್ನು ಹಾಲಿನಲ್ಲಿ ಕಿವುಚಿದಳು. ನಾಯಿ ಎದುರಿಗೆ ಬಂದು ಕೂತು ಜೊಲ್ಲು ಸುರಿಸುತ್ತಿತ್ತು. ಚಿಕ್ಕಮ್ಮ ತಟ್ಟೆ ಇಡಲಿಲ್ಲ. ಅದರಿಂದ ಒಂದು ತುತ್ತು ತೆಗೆದು ತಾನು ಬಾಯಿಗೆ ಹಾಕಿಕೊಂಡಳು, ನುಂಗಿದಳು, ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನನ್ನ ಜೊತೆ ಊರಿನ ವಿಷಯ ಮಾತಾಡಿದಳು, ಅಮ್ಮನ ಮಂಡಿನೋವು ಕೇಳಿದಳು, ಡೇರಿಯವರು ಹಾಲು ವಾಪಸು ಮಾಡಿದ್ದನ್ನು ಕೇಳಿದಳು. ನಾಯಿ ಒಮ್ಮೆ ಬೊಗಳಿತು. ಬಹಳ ಹೊತ್ತಾದ ಮೇಲೆ ತಟ್ಟೆಯನ್ನು ಕೆಳಗಿಟ್ಟಳು.

ಯಾಕೆ ಹಾಗೆ ಮಾಡುತ್ತೀಯ ಎಂದು ಕೇಳಿದೆ.

"ಬಿಸಿ ಐತಾ ಅಂತ ನೋಡ್ತೀನಿ ಕಣ್ಲಾ," ಎಂದಳು.

ಬೆಳಿಗ್ಗೆ ತಿರುವಿದ ಮುದ್ದೆ ಅದು. ಹಾಲೂ ತಣ್ಣಗಿತ್ತು.